ಅಲೆನ್ ಫೀಲ್ಡ್‌ಹೌಸ್‌ನಲ್ಲಿ ಆಟ: ಎಷ್ಟು ಆಸೆ ಇಟ್ಟುಕೊಳ್ಳಬಹುದು?

ಪ್ರಶ್ನೆ: ನಾವು ಹಾಸನದ ಕಡೆಯವರು. ಅಯೊವಾದ ಏಮ್ಸ್‌ಗೆ ಬಂದು ಕೆಲವು ವರ್ಷಗಳಾದವು. ಮಗ ಅಯೊವಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಂದಾಗಿ ನನಗೂ ಅಲ್ಲಿಯ ಸೈಕ್ಲೋನ್ಸ್ ತಂಡದ ಬಾಸ್ಕೆಟ್‌ಬಾಲ್ ಹುಚ್ಚು ಹತ್ತಿದೆ. ಮುಂದಿನ ಸೋಮವಾರ ರಾತ್ರಿ ಎಂಟಕ್ಕೆ ಕ್ಯಾನ್ಸಸ್ ತಂಡದ ಜೊತೆ ಅವರ ಊರಲ್ಲೇ ಆಟ. ಮಗ ಮತ್ತು ಅವನ ಗೆಳೆಯರು ಕಾರಿನಲ್ಲಿ ಹೋಗುತ್ತಿದ್ದಾರೆ. ಒಂದು ಗಳಿಗೆ "ಈ ಸಲ ಗೆದ್ದೇ ಗೆಲ್ತೀವಿ" ಅಂತಾನೆ, ಇನ್ನೊಂದು ಗಳಿಗೆ "ಅಲ್ಲಿ ಹೋಗಿ ಯಾರೂ ಗೆಲ್ಲಲ್ಲ ಬಿಡಮ್ಮ" ಅಂತಾನೆ. ನಿಜವಾಗಿ ಎಷ್ಟು ಆಸೆ ಇಟ್ಟುಕೊಳ್ಳಬಹುದು? ತವರಿನ ಲಾಭ ಅನ್ನೋದು ನಿಜವೇ, ಇಲ್ಲ ಸೋತವರ ನೆಪವೇ? ಸೋತರೆ ಈ ಸೀಸನ್ ಗತಿ ಏನು? ಟೀವಿ ಮುಂದೆ ಕೂತ ನಾನು ಏನನ್ನು ಗಮನಿಸಬೇಕು?

ಉತ್ತರ: ನಿಮ್ಮ ಮಗನ ಎರಡೂ ಮಾತಿಗೆ ಆಧಾರ ಇದೆ. ಅದಕ್ಕೇ ಅವನು ಹಾಗೆ ಒದ್ದಾಡುತ್ತಿರುವುದು.

2025ರ ಜನವರಿ 15ರಂದು ನಿಮ್ಮೂರಿನ ಹಿಲ್ಟನ್ ಕೊಲಿಸಿಯಂನಲ್ಲಿ ಅಯೊವಾ ಸ್ಟೇಟ್ ತಂಡ ಕ್ಯಾನ್ಸಸ್ ಅನ್ನು 74-57ರಿಂದ ಸೋಲಿಸಿತು. ಮೂರು ವಾರ ಕೂಡ ಕಳೆದಿರಲಿಲ್ಲ. ಫೆಬ್ರುವರಿ 3ರಂದು ಲಾರೆನ್ಸ್ ಊರಿನಲ್ಲಿ, ಕ್ಯಾನ್ಸಸ್‌ನ ತವರು ಅಂಗಳವಾದ ಅಲೆನ್ ಫೀಲ್ಡ್‌ಹೌಸ್‌ನಲ್ಲಿ, ಅದೇ ಕ್ಯಾನ್ಸಸ್ 69-52ರಿಂದ ಗೆದ್ದಿತು. ಇಲ್ಲಿ 17 ಪಾಯಿಂಟ್ ಗೆಲುವು, ಅಲ್ಲಿ 17 ಪಾಯಿಂಟ್ ಸೋಲು. ಲೆಕ್ಕ ಹಾಕಿ ಇಟ್ಟ ಹಾಗೆ!

ಇದನ್ನು ನೋಡಿದವರು ಎಲ್ಲ ಆ ಕಟ್ಟಡದ ಮಹಿಮೆ ಅಂದುಬಿಡುತ್ತಾರೆ. ಪೂರ್ತಿ ಹಾಗಲ್ಲ. ಆ ಎರಡು ಆಟಗಳ ನಡುವೆ ಏನೇನಾಯಿತು ನೋಡಿ. ಜನವರಿ 27ರಂದು ಅರಿಜೋನಾದಲ್ಲಿ ಗೆಲುವು ಕೈಯಲ್ಲಿತ್ತು. ಕೊನೇ ಗಳಿಗೆಯಲ್ಲಿ ಎದುರಾಳಿ ತಂಡದ ಕೇಲಬ್ ಲವ್ ಅರ್ಧ ಕೋರ್ಟಿನಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು, ಸ್ಕೋರ್ ಸಮವಾಗಿ ಆಟ ಓವರ್‌ಟೈಮ್‌ಗೆ, ಅಂದರೆ ಹೆಚ್ಚುವರಿ ಸಮಯಕ್ಕೆ, ಹೋಗಿ ಅಯೊವಾ ಸ್ಟೇಟ್ ಸೋತಿತು. ಆಮೇಲೆ ಫೆಬ್ರುವರಿ 1ರ ಶನಿವಾರ ನಿಮ್ಮ ಹಿಲ್ಟನ್‌ನಲ್ಲೇ ಕ್ಯಾನ್ಸಸ್ ಸ್ಟೇಟ್ (ಇದು ಬೇರೆಯೇ ತಂಡ) ಬಂದು 80-61ರಿಂದ ಹೊಡೆದು ಹೋಯಿತು. ಮಧ್ಯೆ ಭಾನುವಾರ ಒಂದೇ ದಿನ. ಸೋಮವಾರ ಲಾರೆನ್ಸ್. ಹಾಗಾಗಿ ಆವತ್ತು ಅಲ್ಲಿ ಸೋತ ತಂಡ ಮೊದಲೇ ಸೊರಗಿದ್ದ ತಂಡ. ಅಲೆನ್ ಫೀಲ್ಡ್‌ಹೌಸ್ ಆ ಗಾಯಕ್ಕೆ ಉಪ್ಪು ಸವರಿತು, ಅಷ್ಟೆ.

ಈಗ ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ತವರಿನ ಲಾಭ ನಿಜ. ಆದರೆ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಅಂಕಿಅಂಶ ಇಟ್ಟು ತಂಡಗಳನ್ನು ಅಳೆಯುವವರು ಅದಕ್ಕೆ ಸುಮಾರು 3 ಪಾಯಿಂಟ್ ಬೆಲೆ ಕಟ್ಟುತ್ತಾರೆ. ಕೆಲವು ಅಂಗಳಗಳಲ್ಲಿ ಸ್ವಲ್ಪ ಜಾಸ್ತಿ. ಅಂದರೆ ಎರಡು ಸಮಬಲದ ತಂಡಗಳು ಆಡಿದರೆ ಮನೆಯ ತಂಡ ಸರಾಸರಿ 3 ಪಾಯಿಂಟ್‌ನಿಂದ ಗೆಲ್ಲುತ್ತದೆ. ಇಲ್ಲಿ ಆಡುವುದಕ್ಕೂ ಅಲ್ಲಿ ಹೋಗಿ ಆಡುವುದಕ್ಕೂ ಒಟ್ಟು ವ್ಯತ್ಯಾಸ ಆರೇಳು ಪಾಯಿಂಟ್. ಆ 2025ರ 34 ಪಾಯಿಂಟ್ ಏರಿಳಿತದಲ್ಲಿ ಇದು ಐದರಲ್ಲಿ ಒಂದು ಪಾಲು. ಉಳಿದದ್ದು ದಣಿವು, ಆ ದಿನದ ಎಸೆತ, ಅದೃಷ್ಟ, ಎದುರಾಳಿ ಕೋಚ್ ಕಲಿತ ಪಾಠ.

ಈ 3 ಪಾಯಿಂಟ್ ಎಲ್ಲಿಂದ ಬರುತ್ತದೆ? ಎಲ್ಲರೂ ಹೇಳುವುದು ಗದ್ದಲ ಅಂತ. ಗದ್ದಲ ಆಟಗಾರರ ಕೈ ನಡುಗಿಸುತ್ತದೆ ಅಂತ ನಂಬಿದ್ದಾರೆ. ನನ್ನ ಪ್ರಕಾರ ಗದ್ದಲ ಹೆಚ್ಚು ಕೆಲಸ ಮಾಡುವುದು ರೆಫರಿಯ ಮೇಲೆ. ಇದಕ್ಕೆ ಒಳ್ಳೆಯ ಸಾಕ್ಷಿ ಫುಟ್‌ಬಾಲ್‌ನಿಂದ ಸಿಗುತ್ತದೆ. 2002ರಲ್ಲಿ ಪ್ರಕಟವಾದ ಇಂಗ್ಲೆಂಡ್‌ನ ಒಂದು ಅಧ್ಯಯನದಲ್ಲಿ 40 ರೆಫರಿಗಳಿಗೆ ಒಂದೇ ಪಂದ್ಯದ 47 ಘರ್ಷಣೆಗಳನ್ನು ವಿಡಿಯೊದಲ್ಲಿ ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಸದ್ದಿನೊಂದಿಗೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿಸಿಕೊಂಡವರು ತವರಿನ ತಂಡದ ಮೇಲೆ ಸುಮಾರು 15 ಶೇಕಡ ಕಡಿಮೆ ಫೌಲ್ ಕೊಟ್ಟರು. ಯಾರೂ ಮೋಸ ಮಾಡಲಿಲ್ಲ. ಅನುಮಾನ ಇದ್ದ ಕಡೆ ಕಿವಿ ಒಂದು ಕಡೆಗೆ ವಾಲಿತು. ಹದಿನೈದು ಸಾವಿರ ಜನ ಒಟ್ಟಿಗೆ ಕಿರುಚಿದಾಗ ಯಾರ ಕಿವಿ ವಾಲುವುದಿಲ್ಲ ಹೇಳಿ!

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕೋವಿಡ್ ಸೀಸನ್‌ನಲ್ಲಿ, ಅಂದರೆ 2020-21ರಲ್ಲಿ, ಅಲೆನ್ ಫೀಲ್ಡ್‌ಹೌಸ್ ಒಳಗೆ ತೀರಾ ಕಡಿಮೆ ಜನರನ್ನು ಬಿಡುತ್ತಿದ್ದರು. ಆಗ ಟೆಕ್ಸಸ್ ತಂಡ ಅಲ್ಲಿಗೆ ಹೋಗಿ 84-59ರಿಂದ ಗೆದ್ದು ಬಂತು. ನೋಡಿದಿರಾ, ಜನ ಇಲ್ಲದಿದ್ದರೆ ಕೋಟೆಯೂ ಇಲ್ಲ ಅಂತ ಎಲ್ಲರೂ ಅಂದರು. ಅದೇ ಸೀಸನ್, ಅದೇ ಖಾಲಿ ಕಟ್ಟಡ, ಅಯೊವಾ ಸ್ಟೇಟ್ ಹೋಯಿತು. 97-64ರಿಂದ ಸೋತು ಬಂತು. ಆ ವರ್ಷ ನಿಮ್ಮ ತಂಡ 24 ಆಟಗಳಲ್ಲಿ ಗೆದ್ದದ್ದು ಎರಡೇ. ಗದ್ದಲದ ಲೆಕ್ಕ ತಂಡಗಳು ಸರಿಸಮ ಇದ್ದಾಗ ಬರುವ ಮಾತು. ತಂಡವೇ ಸೋತು ಸುಣ್ಣವಾಗಿದ್ದರೆ ಸದ್ದು ಇದ್ದರೇನು, ಇಲ್ಲದಿದ್ದರೇನು.

ಅಲೆನ್ ಫೀಲ್ಡ್‌ಹೌಸ್ ಬಗ್ಗೆ ಎರಡು ಮಾತು, ಯಾಕೆಂದರೆ ನಿಮ್ಮ ಮಗ ಅದರೊಳಗೆ ಕೂತಿರುತ್ತಾನೆ. 1955ರಲ್ಲಿ ತೆರೆದ ಕಟ್ಟಡ, ಸುಮಾರು 15,300 ಜನ ಕೂರಬಹುದು. 'ಫಾಗ್' ಅಲೆನ್ ಅನ್ನುವ ಹಳೆಯ ಕೋಚ್ ಹೆಸರು ಅದಕ್ಕೆ. ಕೋರ್ಟಿಗೆ ಜೇಮ್ಸ್ ನೈಸ್ಮಿತ್ ಹೆಸರು. 1891ರಲ್ಲಿ ಈ ಆಟವನ್ನೇ ಕಟ್ಟಿದ ಮನುಷ್ಯ, ಆಮೇಲೆ ಕ್ಯಾನ್ಸಸ್‌ನ ಮೊದಲ ಕೋಚ್ ಆದವರು. ತಮಾಷೆ ಏನೆಂದರೆ ಕ್ಯಾನ್ಸಸ್ ಕೋಚ್‌ಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದು ಜಾಸ್ತಿ ಇರುವವರು ಅವರೊಬ್ಬರೇ. 55 ಗೆಲುವು, 60 ಸೋಲು. ಆಟ ಕಂಡುಹಿಡಿದವರಿಗೇ ಹೀಗಾದರೆ ನಿಮ್ಮ ಮಗನ ಸಂಕಟ ಯಾವ ಲೆಕ್ಕ!

ಬಿಲ್ ಸೆಲ್ಫ್ 2003ರಲ್ಲಿ ಕೋಚ್ ಆಗಿ ಬಂದ ಮೇಲೆ ಆ ಅಂಗಳ ನಿಜಕ್ಕೂ ಭಯ ಹುಟ್ಟಿಸುವ ಜಾಗ ಆಯಿತು. 2007ರಿಂದ 2011ರ ಜನವರಿವರೆಗೆ ಅಲ್ಲಿ ಸತತ 69 ಆಟ ಗೆದ್ದರು. 2005ರಿಂದ 2018ರವರೆಗೆ ಎರಡೂ ತಂಡಗಳು ಆಡುವ ಬಿಗ್ 12 ಲೀಗಿನ ಪಟ್ಟ ಒಂದು ವರ್ಷವೂ ತಪ್ಪದೆ ಹದಿನಾಲ್ಕು ಸಲ ಅವರದೇ ಆಗಿತ್ತು. "ಅಲ್ಲಿ ಯಾರೂ ಗೆಲ್ಲಲ್ಲ" ಅನ್ನುವ ಮಾತು ಹುಟ್ಟಿದ್ದು ಆ ಕಾಲದಲ್ಲಿ. ಮಾತು ಉಳಿದುಕೊಂಡಿದೆ, ಕಾಲ ಸ್ವಲ್ಪ ಬದಲಾಗಿದೆ. 2024ರ ಫೆಬ್ರುವರಿಯಲ್ಲಿ ಬಿವೈಯು (ಬ್ರಿಗಮ್ ಯಂಗ್ ಯೂನಿವರ್ಸಿಟಿ) ಅಲ್ಲಿ ಗೆದ್ದಿತು. ಅದೇ ವರ್ಷದ ಕೊನೇ ದಿನ ವೆಸ್ಟ್ ವರ್ಜಿನಿಯಾ ಒಂದು ಪಾಯಿಂಟ್‌ನಿಂದ ಗೆದ್ದಿತು. 2025ರ ಜನವರಿಯಲ್ಲಿ ಹ್ಯೂಸ್ಟನ್ ಎರಡು ಓವರ್‌ಟೈಮ್ ಆಡಿ 92-86ರಿಂದ ಗೆದ್ದಿತು. ಕಷ್ಟ, ಆದರೆ ಆಗದ ಕೆಲಸವೇನಲ್ಲ.

ನಿಮ್ಮ ತಂಡದ ಕತೆ ಇನ್ನೂ ಸ್ವಾರಸ್ಯವಾಗಿದೆ. 2005ರಲ್ಲಿ ಅಯೊವಾ ಸ್ಟೇಟ್ ಅಲ್ಲಿ ಓವರ್‌ಟೈಮ್‌ನಲ್ಲಿ 63-61ರಿಂದ ಗೆದ್ದಿತ್ತು. ಆಮೇಲೆ ಹನ್ನೆರಡು ವರ್ಷ ಒಂದೂ ಇಲ್ಲ. 2017ರ ಫೆಬ್ರುವರಿ 4ರಂದು ಮತ್ತೆ ಓವರ್‌ಟೈಮ್, 92-89. ಕ್ಯಾನ್ಸಸ್‌ನ 51 ಆಟಗಳ ತವರಿನ ಸರಣಿ ಅಲ್ಲಿಗೆ ನಿಂತಿತು. ಮೊದಲರ್ಧದಲ್ಲಿ ಹತ್ತಕ್ಕಿಂತ ಜಾಸ್ತಿ ಪಾಯಿಂಟ್ ಹಿಂದೆ ಬಿದ್ದಿದ್ದ ತಂಡ ಹದಿನೆಂಟು ತ್ರೀ ಪಾಯಿಂಟರ್ (ದೂರದಿಂದ ಎಸೆದು ಹಾಕುವ, ಮೂರು ಪಾಯಿಂಟ್ ಸಿಗುವ ಬುಟ್ಟಿ) ಹಾಕಿ ಎದ್ದು ಬಂತು. ಡಿಯಾಂಟೆ ಬರ್ಟನ್ ಒಬ್ಬರದೇ 29 ಪಾಯಿಂಟ್.

ಆ ಸಂತೋಷ ಒಂಬತ್ತು ದಿನ ಇತ್ತು ಅನ್ನಿ. ಫೆಬ್ರುವರಿ 13ರಂದು ಅದೇ ಕಟ್ಟಡದಲ್ಲಿ ಪ್ರೇಕ್ಷಕರು 130.4 ಡೆಸಿಬೆಲ್ ಸದ್ದು ಮಾಡಿ ಗಿನ್ನೆಸ್ ದಾಖಲೆ ಬರೆದರು. ಆ ರಾತ್ರಿ ವೆಸ್ಟ್ ವರ್ಜಿನಿಯಾ ಮೂರು ನಿಮಿಷಕ್ಕಿಂತ ಕಡಿಮೆ ಸಮಯ ಇರುವಾಗ 14 ಪಾಯಿಂಟ್ ಮುಂದಿತ್ತು. ಸೋತಿತು, ಓವರ್‌ಟೈಮ್‌ನಲ್ಲಿ 84-80. ಹಾಗಾಗಿ ಸೋಮವಾರ ನಿಮ್ಮ ತಂಡ ಕೊನೆಯಲ್ಲಿ ಹತ್ತು ಪಾಯಿಂಟ್ ಮುಂದಿದ್ದರೂ ಊರಿಗೆ ಫೋನ್ ಮಾಡಿ ಗೆದ್ದೆವು ಅನ್ನಬೇಡಿ. ದೃಷ್ಟಿ ಬೀಳುತ್ತೆ ಅಂತಲ್ಲ, ಅಲ್ಲಿ ಅದು ನಿಜಕ್ಕೂ ಮುಗಿದಿರುವುದಿಲ್ಲ.

2017ರ ನಂತರದ್ದು ಕರುಳು ಹಿಂಡುವ ಸರಣಿ. 2022ರ ಜನವರಿಯಲ್ಲಿ ಲಾರೆನ್ಸ್‌ನಲ್ಲಿ 62-61, ಒಂದು ಪಾಯಿಂಟ್ ಸೋಲು. ಕೊನೇ ಸೆಕೆಂಡುಗಳಲ್ಲಿ ಡಜುವಾನ್ ಹ್ಯಾರಿಸ್ ಹಾಕಿದ ಬುಟ್ಟಿ. 2023ರ ಜನವರಿಯಲ್ಲಿ 62-60, ಎರಡು ಪಾಯಿಂಟ್ ಸೋಲು. ಮತ್ತೆ ಕೊನೇ ಗಳಿಗೆ, ಈ ಸಲ ಕೆಜೆ ಆಡಮ್ಸ್. ಮೂರು ವಾರ ಬಿಟ್ಟು ಅದೇ ಕ್ಯಾನ್ಸಸ್ ಏಮ್ಸ್‌ಗೆ ಬಂದಾಗ ಅಯೊವಾ ಸ್ಟೇಟ್ 68-53ರಿಂದ ಗೆದ್ದಿತು. ನಿಮ್ಮ ಮಗ ಇದನ್ನೆಲ್ಲ ಬಾಯಿಪಾಠ ಮಾಡಿರುತ್ತಾನೆ. "ಗೆದ್ದೇ ಗೆಲ್ತೀವಿ", "ಯಾರೂ ಗೆಲ್ಲಲ್ಲ" ಎರಡೂ ಈ ಅಂಕಿಗಳಿಂದಲೇ ಹುಟ್ಟುತ್ತವೆ. ಒಂದು ಪಾಯಿಂಟ್‌ನಿಂದ ಸೋತವನಿಗೆ ಗೆಲುವು ಹತ್ತಿರ ಕಾಣುತ್ತದೆ. ಎರಡು ವರ್ಷ ಸತತವಾಗಿ ಹಾಗೆ ಸೋತವನಿಗೆ ಶಾಪ ಕಾಣುತ್ತದೆ. ನನಗಂತೂ ಕಾಣುವುದು ನಾಣ್ಯ ಚಿಮ್ಮಿದ ಹಾಗಿದ್ದ ಎರಡು ಆಟಗಳು. ಎರಡೂ ಸಲ ಅದು ಆ ಕಡೆ ಬಿತ್ತು.

ಹಾಗಾದರೆ ಸೋಮವಾರದ್ದು? ಒಂದು ಒರಟು ಲೆಕ್ಕ ಕೊಡುತ್ತೇನೆ. ಆಟದ ದಿನ ಬೆಳಗ್ಗೆ ಯಾರು ಎಷ್ಟು ಪಾಯಿಂಟ್ ಮೇಲು ಅಂತ ಅಂದಾಜು ಪತ್ರಿಕೆಗಳಲ್ಲೂ ಆ್ಯಪ್‌ಗಳಲ್ಲೂ ಬರುತ್ತದೆ. ಕ್ಯಾನ್ಸಸ್ 3 ಪಾಯಿಂಟ್ ಮೇಲು ಅಂತಿದ್ದರೆ ಎರಡು ತಂಡಗಳನ್ನು ಸಮ ಅಂತಲೇ ನೋಡಿದ್ದಾರೆ ಅಂತ ಅರ್ಥ. ಆಗ ನಿಮಗೆ ಐದರಲ್ಲಿ ಎರಡು ಸಲ ಗೆಲ್ಲುವ ಅವಕಾಶ. 7 ಪಾಯಿಂಟ್ ಮೇಲು ಅಂತಿದ್ದರೆ ಸರಿಸುಮಾರು ನಾಲ್ಕರಲ್ಲಿ ಒಂದು. ಕ್ಯಾನ್ಸಸ್‌ಗಿಂತ ನಿಮ್ಮ ತಂಡವೇ ಒಂದೆರಡು ಪಾಯಿಂಟ್ ಮೇಲು ಅಂತ ಬಂದರೆ ಖುಷಿಪಡಿ. ಆ ಅಂಗಳದಲ್ಲಿ ಅಂಥ ಅಂದಾಜು ಸಿಗುವುದೇ ಒಂದು ಗೌರವ. ನಾಲ್ಕರಲ್ಲಿ ಒಂದು ಅಂದರೆ ಕಡಿಮೆ ಅಂತ ಅನ್ನಿಸಬಹುದು. ಆಸೆ ಇಟ್ಟುಕೊಳ್ಳಲು ಅದು ಧಾರಾಳ.

ಮೂರನೇ ಪ್ರಶ್ನೆ, ಸೋತರೆ ಸೀಸನ್ ಗತಿ ಏನು ಅಂತ. ಇಲ್ಲಿ ಅಭಿಮಾನಿಗಳು ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತಾರೆ. ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಮಾರ್ಚ್ ಟೂರ್ನಿಗೆ 68 ತಂಡಗಳನ್ನು ಆರಿಸುತ್ತಾರೆ. ಆ ಆಯ್ಕೆ ಸಮಿತಿ 2018-19ರಿಂದ ನೆಟ್ ಅನ್ನುವ ಶ್ರೇಯಾಂಕ ಬಳಸುತ್ತಿದೆ. ಪ್ರತಿಯೊಂದು ಆಟವನ್ನು ಎದುರಾಳಿಯ ನೆಟ್ ಸ್ಥಾನ, ಆಟ ಎಲ್ಲಿ ನಡೆಯಿತು, ಎರಡನ್ನೂ ನೋಡಿ ನಾಲ್ಕು ಗುಂಪಿಗೆ ಹಾಕುತ್ತಾರೆ. ಮೊದಲ ಗುಂಪಿನ ಆಟ ಎಂದು ಎಣಿಸಬೇಕಾದರೆ ನಿಮ್ಮ ಮನೆಯಲ್ಲಾದರೆ ಎದುರಾಳಿ ಮೊದಲ 30ರೊಳಗೆ ಇರಬೇಕು. ಹೊರಗೆ ಹೋಗಿ ಆಡಿದರೆ 75ರೊಳಗೆ ಇದ್ದರೆ ಸಾಕು. ಅಂದರೆ ಹೊರಗಿನ ಆಟದ ಕಷ್ಟವನ್ನು ಸಮಿತಿ ಲೆಕ್ಕಕ್ಕೆ ಹಿಡಿದೇ ಹಿಡಿಯುತ್ತದೆ. ಲಾರೆನ್ಸ್‌ನಲ್ಲಿ ಸೋತರೆ ಹೆಚ್ಚು ಕಳೆದುಕೊಳ್ಳುವುದಿಲ್ಲ. ಗೆದ್ದರೆ ಮಾರ್ಚ್‌ವರೆಗೂ ತೋರಿಸಿಕೊಂಡು ತಿರುಗಬಹುದಾದ ಗೆಲುವು.

ಅದೇ 2025ಕ್ಕೆ ಮತ್ತೆ ಬನ್ನಿ. ಲಾರೆನ್ಸ್‌ನಲ್ಲಿ 17 ಪಾಯಿಂಟ್‌ನಿಂದ ಸೋತ ಅಯೊವಾ ಸ್ಟೇಟ್‌ಗೆ ಮಾರ್ಚ್‌ನಲ್ಲಿ ಸಿಕ್ಕಿದ್ದು 3ನೇ ಸೀಡ್ (ಟೂರ್ನಿಯಲ್ಲಿ ಕೊಡುವ ಸ್ಥಾನ, ಸಂಖ್ಯೆ ಚಿಕ್ಕದಾದಷ್ಟೂ ಮೇಲು). ಆವತ್ತು ಗೆದ್ದ ಕ್ಯಾನ್ಸಸ್‌ಗೆ ಸಿಕ್ಕಿದ್ದು 7ನೇ ಸೀಡ್, ಮೊದಲ ಸುತ್ತಿನಲ್ಲೇ ಅರ್ಕನ್ಸಾ ಎದುರು ಸೋತು ಮನೆಗೆ ಹೋಯಿತು. 2022ರಲ್ಲಿ ಒಂದು ಪಾಯಿಂಟ್‌ನಿಂದ ಸೋತ ಅಯೊವಾ ಸ್ಟೇಟ್ ಕೊನೆಯ 16 ತಂಡಗಳ ಸುತ್ತಿಗೆ ಹೋಯಿತು. ಅದು ಹಿಂದಿನ ವರ್ಷ ಎರಡೇ ಆಟ ಗೆದ್ದಿದ್ದ ತಂಡ, ಹೊಸ ಕೋಚ್ ಟಿ.ಜೆ. ಓಟ್ಸೆಲ್‌ಬರ್ಗರ್ ಅವರ ಮೊದಲ ಸೀಸನ್. ಅವರನ್ನು ಸೋಲಿಸಿದ ಕ್ಯಾನ್ಸಸ್ ಆ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಆತಂಕ ಪಡಲೇಬೇಕು ಅಂತಿದ್ದರೆ ಅದನ್ನು ಲಾರೆನ್ಸ್ ಆಟದ ಹಿಂದೆ ಮುಂದೆ ಬರುವ ಮನೆಯ ಆಟಕ್ಕೆ ಎತ್ತಿಡಿ. 2025ರಲ್ಲಿ ನನ್ನ ಪ್ರಕಾರ ಜಾಸ್ತಿ ನೋಯಬೇಕಾಗಿದ್ದ ಸೋಲು ಕ್ಯಾನ್ಸಸ್ ಎದುರಿನದ್ದಲ್ಲ, ಅದಕ್ಕೆ ಎರಡು ದಿನ ಮುಂಚೆ ಹಿಲ್ಟನ್‌ನಲ್ಲಿ ಕ್ಯಾನ್ಸಸ್ ಸ್ಟೇಟ್ ಎದುರಿನದ್ದು. ದೊಡ್ಡ ಆಟದ ಮೇಲೆ ಕಣ್ಣಿಟ್ಟು ಮುಂದಿರುವ ಸಣ್ಣ ಆಟ ಎಡವುವುದು ಈ ಆಟದ ಹಳೇ ಕಾಯಿಲೆ. ಅಭಿಮಾನಿಗಳಿಗೂ ಅದೇ ಕಾಯಿಲೆ. ಸೋಮವಾರದ ಆಟಕ್ಕೆ ವಾರವಿಡೀ ಊಟ ಬಿಡುತ್ತಾರೆ, ಶನಿವಾರದ ಆಟವನ್ನು ಬಟ್ಟೆ ಮಡಚುತ್ತಾ ನೋಡುತ್ತಾರೆ.

ಹೊರಗೆ ಹೋಗಿ ಗೆಲ್ಲುವುದು ಅಭ್ಯಾಸದ ಮಾತು ಅನ್ನುವುದು ನಮ್ಮ ಕಡೆಯವರಿಗೆ ಹೊಸದಲ್ಲ. 2025ರ ಐಪಿಎಲ್‌ನಲ್ಲಿ ಆರ್‌ಸಿಬಿ ಲೀಗ್ ಹಂತದ ಏಳೂ ಹೊರಗಿನ ಪಂದ್ಯ ಗೆದ್ದದ್ದು ನೆನಪಿರಬೇಕು. ಚಿನ್ನಸ್ವಾಮಿಯಲ್ಲಿ ನಮ್ಮ ಜನರ ಮುಂದೆಯೇ ತಿಣುಕಾಡಿದ ತಂಡ ಅದು.

ಇನ್ನು ಟೀವಿ ಮುಂದೆ ಏನು ನೋಡಬೇಕು ಅನ್ನುವುದು. ನನಗೆ ಇಷ್ಟದ ಪ್ರಶ್ನೆ ಇದೇ.

ಸ್ಕೋರ್ ಕಡೆ ಕಡಿಮೆ ನೋಡಿ, ಗಡಿಯಾರದ ಕಡೆ ಜಾಸ್ತಿ ನೋಡಿ. ಕಾಲೇಜು ಆಟದಲ್ಲಿ ಇಪ್ಪತ್ತು ನಿಮಿಷದ ಎರಡು ಅರ್ಧ. ಗಡಿಯಾರದಲ್ಲಿ 16, 12, 8, 4 ನಿಮಿಷ ಉಳಿದ ಮೇಲೆ ಮೊದಲ ಸಲ ಆಟ ನಿಂತಾಗ ಟೀವಿ ಟೈಮ್‌ಔಟ್ (ಜಾಹೀರಾತಿನ ವಿರಾಮ) ಬರುತ್ತದೆ. ಕೋಚ್‌ಗಳು ಆಟವನ್ನು ಈ ನಾಲ್ಕು ನಿಮಿಷದ ತುಂಡುಗಳಲ್ಲೇ ಯೋಚಿಸುತ್ತಾರೆ. ನೀವೂ ಹಾಗೇ ನೋಡಿ. ಹೊರಗಿನ ಅಂಗಳದಲ್ಲಿ ಮೊದಲ ತುಂಡು ತುಂಬಾ ಮುಖ್ಯ. ಆಗ ಜನರ ಕಾವು ಏರಿರುತ್ತದೆ, ನಿಮ್ಮ ಹುಡುಗರ ಕಾಲು ಇನ್ನೂ ಪಳಗಿರುವುದಿಲ್ಲ. ಮೊದಲ ಟೈಮ್‌ಔಟ್ ಹೊತ್ತಿಗೆ ನಾಲ್ಕೈದು ಪಾಯಿಂಟ್ ಒಳಗೆ ಇದ್ದರೆ ತಂಡ ಉಸಿರಾಡುತ್ತಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಒಂದು ತುಂಡಿನಲ್ಲಿ ಕ್ಯಾನ್ಸಸ್ ಸಾಲಾಗಿ ಹತ್ತು ಪಾಯಿಂಟ್ ಗಳಿಸುವ ಓಟ ಓಡಿಯೇ ಓಡುತ್ತದೆ. ಆಗ ಎದ್ದು ಅಡುಗೆಮನೆಗೆ ಹೋಗಬೇಡಿ. ಅದರ ಮುಂದಿನ ತುಂಡನ್ನು ನೋಡಿ. ಒಳ್ಳೆಯ ತಂಡ ಅಂಥ ಓಟದ ನಂತರ ಮುಂದಿನ ನಾಲ್ಕು ನಿಮಿಷವನ್ನು ಸಮ ಮಾಡುತ್ತದೆ. ಅಳ್ಳೆದೆಯ ತಂಡ ಎರಡನೇ ಓಟಕ್ಕೂ ದಾರಿ ಬಿಡುತ್ತದೆ.

ಎರಡನೆಯದು, ಚೆಂಡು ಹೇಗೆ ಕೈತಪ್ಪುತ್ತಿದೆ ಅನ್ನುವುದು. ಓಟ್ಸೆಲ್‌ಬರ್ಗರ್ ಕಟ್ಟಿದ ತಂಡಗಳ ಬಲ ಡಿಫೆನ್ಸ್. ಎದುರಾಳಿಯನ್ನು ಕೋರ್ಟಿನ ನಡುವಿಗೆ ಬಿಡದೆ ಅಂಚಿಗೆ ತಳ್ಳಿ, ಮೇಲೆ ಬಿದ್ದು ಚೆಂಡು ಕಿತ್ತುಕೊಳ್ಳುತ್ತಾರೆ. ಅವರ ಗೆಲುವಿನ ಅನ್ನ ಅದೇ. ಹೊರಗಿನ ಅಂಗಳದಲ್ಲಿ ಇದಕ್ಕೆ ಎರಡು ಪಟ್ಟು ಬೆಲೆ, ಯಾಕೆಂದರೆ ಚೆಂಡು ಕಿತ್ತುಕೊಂಡಾಗ ಪಾಯಿಂಟೂ ಸಿಗುತ್ತದೆ, ಜನರ ಬಾಯಿಯೂ ಮುಚ್ಚುತ್ತದೆ. ಉಲ್ಟಾ ಕೂಡ ಅಷ್ಟೇ ನಿಜ. ನಿಮ್ಮ ಹುಡುಗರು ಕೈತಪ್ಪಿಸಿದ ಚೆಂಡು ಅಂಕಣದ ಹೊರಗೆ ಹೋದರೆ ಪರವಾಗಿಲ್ಲ, ಹಿಂದೆ ಓಡಿ ಕಾಯಲು ಸಮಯ ಸಿಗುತ್ತದೆ. ಎದುರಾಳಿಯ ಕೈಗೆ ನೇರ ಹೋದರೆ ಆ ಕಡೆ ಡಂಕ್ (ಎಗರಿ ಚೆಂಡನ್ನು ಬುಟ್ಟಿಗೇ ತುರುಕುವುದು), ಅದರ ಹಿಂದೆಯೇ ಆ ಭಯಂಕರ ಸದ್ದು, ಆಮೇಲಿನ ಅನುಮಾನದ ಫೌಲ್ ಕೂಡ ಅವರ ಕಡೆಗೆ. ಅಂಥವು ಎರಡು ಮೂರು ಸಾಲಾಗಿ ಬಂದರೆ ಕೋಚ್ ಟೈಮ್‌ಔಟ್ ಕೇಳುತ್ತಾರೆ. ಕೇಳದಿದ್ದರೆ ಬಯ್ಯುವ ಹಕ್ಕು ನಿಮಗಿದೆ.

ಮೂರನೆಯದು, ದೊಡ್ಡ ಆಳುಗಳ ಫೌಲ್. ಐದು ಫೌಲ್ ಆದರೆ ಆಟಗಾರ ಹೊರಗೆ. ಮೊದಲರ್ಧದಲ್ಲೇ ಎರಡು ಆದರೆ ಬಹಳ ಕೋಚ್‌ಗಳು ಅವನನ್ನು ಬೆಂಚ್ ಮೇಲೆ ಕೂರಿಸುತ್ತಾರೆ. ಮೇಲೆ ಹೇಳಿದೆನಲ್ಲ, ರೆಫರಿ ಕಿವಿಯ ವಿಷಯ, ಅದರ ಪೆಟ್ಟು ಮೊದಲು ಬೀಳುವುದು ಬುಟ್ಟಿಯ ಕೆಳಗೆ ನಿಂತು ಮೈಗೆ ಮೈ ತಾಗಿಸಿ ಆಡುವ ಹುಡುಗರ ಮೇಲೆ. ತಂಡದ ಫೌಲ್ ಕೂಡ ಎಣಿಸಿ. ಒಂದು ಅರ್ಧದಲ್ಲಿ ಏಳನೇ ಫೌಲ್‌ನಿಂದ ಎದುರಾಳಿಗೆ ಫ್ರೀ ಥ್ರೋ (ಯಾರೂ ಅಡ್ಡ ಬರದ ಎಸೆತ) ಸಿಗಲು ಶುರು. ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು. ಹತ್ತರಿಂದ ಮುಂದೆ ಎರಡೂ ಖಂಡಿತ. ಇನ್ನೂ ಹತ್ತು ನಿಮಿಷ ಇರುವಾಗಲೇ ಏಳು ಆಗಿಬಿಟ್ಟರೆ ಅದು ಕಷ್ಟದ ಸೂಚನೆ, ಸ್ಕೋರ್ ಏನೇ ಇರಲಿ.

ಫ್ರೀ ಥ್ರೋ ಬಗ್ಗೆ ಮಾತ್ರ ಚಿಂತೆ ಬೇಡ. ಬುಟ್ಟಿಯ ಹಿಂದೆ ನಿಂತು ಕೈ ಬೀಸುವ, ಕುಣಿಯುವ ವಿದ್ಯಾರ್ಥಿಗಳನ್ನು ಟೀವಿ ತುಂಬಾ ತೋರಿಸುತ್ತದೆ. ಒಟ್ಟಾರೆ ನೋಡಿದರೆ ಕಾಲೇಜು ಆಟಗಾರರು ಮನೆಯಲ್ಲೂ ಹೊರಗೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಫ್ರೀ ಥ್ರೋ ಹಾಕುತ್ತಾರೆ. ಅರಿಜೋನಾ ಸ್ಟೇಟ್‌ನವರು ಮಾತ್ರ ಇದನ್ನು ಒಂದು ಕಲೆಯನ್ನೇ ಮಾಡಿಕೊಂಡಿದ್ದಾರೆ. ಅಲ್ಲಿ ಕಪ್ಪು ಪರದೆ ಸರಿಸಿ ಏನೇನೋ ವೇಷ ತೋರಿಸುತ್ತಾರೆ. 2016ರಲ್ಲಿ ಒಮ್ಮೆ ಈಜುಗಾರ ಮೈಕಲ್ ಫೆಲ್ಪ್ಸ್ ಚಡ್ಡಿಯಲ್ಲಿ ಪದಕ ಹಾಕಿಕೊಂಡು ಹೊರಗೆ ಬಂದರು. ಎಸೆಯುವವನು ಎರಡನ್ನೂ ತಪ್ಪಿಸಿದ. ಅಂಥದ್ದು ಎದುರಿಗೆ ಬಂದರೆ ಯಾರಾದರೂ ತಪ್ಪಿಸಿಯಾರು!

ಕೊನೆಯದು ತ್ರೀ ಪಾಯಿಂಟರ್. ಡಿಫೆನ್ಸ್ ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ ಅಂತ ಕೋಚ್‌ಗಳು ಹೇಳುವುದುಂಟು. ಸರಿ. ಆದರೆ ಲಾರೆನ್ಸ್‌ನಲ್ಲಿ ನಿಮ್ಮ ತಂಡ 2022, 2023ರಲ್ಲಿ ಒಳ್ಳೆಯ ಡಿಫೆನ್ಸ್ ಆಡಿ, ಕ್ಯಾನ್ಸಸ್ ಅನ್ನು 62ಕ್ಕೆ ಕಟ್ಟಿಹಾಕಿಯೂ ಸೋತಿತು. ಗೆದ್ದದ್ದು 2017ರಲ್ಲಿ ಹದಿನೆಂಟು ತ್ರೀ ಬಿದ್ದಾಗ. ಡಿಫೆನ್ಸ್ ನಿಮ್ಮನ್ನು ಕೊನೆಯ ಎರಡು ನಿಮಿಷದವರೆಗೆ ಆಟದಲ್ಲಿ ಇಡುತ್ತದೆ. ಅಲ್ಲಿಂದ ದಾಟಿಸಲು ಯಾರಾದರೂ ಒಬ್ಬ ಹುಡುಗನ ಕೈ ಆವತ್ತು ಬಿಸಿಯಾಗಿರಬೇಕು. ಅದು ಯಾರು ಅಂತ ಮೊದಲೇ ಗೊತ್ತಾಗುವುದಿಲ್ಲ. ಬೆಂಚಿನಿಂದ ಬಂದ ಹುಡುಗನೊಬ್ಬ ಮೊದಲ ಎರಡು ತ್ರೀ ಹಾಕಿದರೆ ಸ್ವಲ್ಪ ಮುಂದಕ್ಕೆ ಸರಿದು ಕೂತುಕೊಳ್ಳಿ.

ಇನ್ನೊಂದು ಸದ್ದು ಗೊತ್ತಿರಲಿ. ಆಟ ಶುರುವಾಗುವ ಮುಂಚೆ ಅಲ್ಲಿಯವರು "ರಾಕ್ ಚಾಕ್, ಜೇಹಾಕ್" (ಜೇಹಾಕ್ ಅನ್ನುವುದು ಅವರ ತಂಡದ ಹೆಸರು) ಅಂತ ನಿಧಾನವಾಗಿ, ಭಜನೆಯ ಹಾಗೆ ಎಳೆದು ಹೇಳುತ್ತಾರೆ. ಕೇಳಲು ಚೆನ್ನಾಗಿಯೇ ಇರುತ್ತದೆ. ಅದೇ ಸ್ವರ ಎರಡನೇ ಅರ್ಧದ ಕೊನೆಯಲ್ಲಿ ಮತ್ತೆ ಎದ್ದರೆ ಅವರು ಗೆಲುವು ಖಚಿತ ಅಂತ ತೀರ್ಮಾನಿಸಿದ್ದಾರೆ ಅಂತ ತಿಳಿಯಿರಿ. ಹಾಸನದಲ್ಲಿ ಮಂಗಳವಾರ ಬೆಳಗ್ಗೆ ಏಳೂವರೆಗೆ ಎದ್ದು ಕೂತ ಅಜ್ಜಿ ತಾತ ಇದ್ದರೆ, ಆಗ ಅವರಿಗೆ ತಿಂಡಿಗೆ ಹೋಗಿ ಅಂತ ಹೇಳಬಹುದು.

ನೀವು ಕೇಳದೇ ಇದ್ದ ಒಂದು ವಿಷಯ. ನನಗೆ ಆಟಕ್ಕಿಂತ ಜಾಸ್ತಿ ಚಿಂತೆ ಅದರದ್ದೇ. ಏಮ್ಸ್‌ನಿಂದ ಲಾರೆನ್ಸ್ ಸುಮಾರು 400 ಕಿ.ಮೀ. ಐ-35 ಹಿಡಿದು ದೆ ಮೊಯ್ನ್ ದಾಟಿ ಕ್ಯಾನ್ಸಸ್ ಸಿಟಿ, ಅಲ್ಲಿಂದ ಐ-70ರಲ್ಲಿ ಪಶ್ಚಿಮಕ್ಕೆ. ಒಳ್ಳೆಯ ದಿನ ನಾಲ್ಕು ಗಂಟೆಯ ಮೇಲೆ. ಎಂಟಕ್ಕೆ ಶುರುವಾದ ಆಟ ಮುಗಿಯುವಾಗ ಹತ್ತು ದಾಟಿರುತ್ತದೆ. ಓವರ್‌ಟೈಮ್ ಬಂದರೆ ಇನ್ನೂ ತಡ. ಪಾರ್ಕಿಂಗ್‌ನಿಂದ ಹೊರಬೀಳಲು ಇನ್ನರ್ಧ ಗಂಟೆ. ಹಾಗೇ ಹೊರಟರೆ ಏಮ್ಸ್ ತಲುಪುವುದು ಬೆಳಗಿನ ಜಾವ ಮೂರಕ್ಕೆ. ಚಳಿಗಾಲ, ಉತ್ತರ ಮಿಸೌರಿಯ ಬಯಲಿನಲ್ಲಿ ಗಾಳಿ ಹಿಮವನ್ನು ರಸ್ತೆಗೆ ತಂದು ಹಾಕುತ್ತದೆ. ಸೋತ ಬೇಸರಕ್ಕಾಗಲಿ ಗೆದ್ದ ಅಮಲಿಗಾಗಲಿ ಹುಡುಗರು ಆ ಹೊತ್ತಿನಲ್ಲಿ ಗಾಡಿ ಓಡಿಸಬಾರದು. ಮುಕ್ಕಾಲು ಗಂಟೆ ಹತ್ತಿರದ ಕ್ಯಾನ್ಸಸ್ ಸಿಟಿಯಲ್ಲಿ ಒಂದು ರೂಮ್ ಮಾಡಿ ಎಲ್ಲರೂ ದುಡ್ಡು ಹಂಚಿಕೊಳ್ಳಲಿ. ಹೊರಡುವ ಮುಂಚೆ ರಸ್ತೆ ಸ್ಥಿತಿ ತಿಳಿಸುವ ಅಯೊವಾ 511ರಲ್ಲಿ ನೋಡಲಿ. ಕಾರಿನಲ್ಲಿ ಕಂಬಳಿ, ಸಣ್ಣ ಸಲಿಕೆ, ಚಾರ್ಜರ್, ಒಂದಿಷ್ಟು ಚಕ್ಕುಲಿ ಇರಲಿ. ಇದನ್ನು ನೀವು ಹೇಳಿದರೆ "ಗೊತ್ತಮ್ಮ" ಅಂತಾನೆ. ಬಾಸ್ಕೆಟ್‌ಬಾಲ್ ಬರೆಯುವವರು ಹೇಳಿದರು ಅಂತ ಹೇಳಿ ನೋಡಿ.

ಸೈಕ್ಲೋನ್ಸ್ ಟೀ ಶರ್ಟ್ ಹಾಕಿಕೊಂಡು ಹೋಗಲು ಹೆದರಬೇಕಿಲ್ಲ. ಲಾರೆನ್ಸ್ ಜನ ಒಳಗೆ ಕಿವಿ ಕಿತ್ತುಹಾಕುತ್ತಾರೆ, ಹೊರಗೆ ಮರ್ಯಾದೆಯವರು. ಮಂಗಳವಾರ ಬೆಳಗ್ಗೆ ಕ್ಲಾಸ್ ಇದ್ದರೆ ಮೇಷ್ಟರಿಗೆ ಈಗಲೇ ಒಂದು ಮೇಲ್ ಹಾಕಲಿ, ಆಟದ ಫಲಿತಾಂಶ ನೋಡಿಕೊಂಡು ಹಾಕುವುದು ಬೇಡ.